ಕಂತಿನ ವಿದ್ಯುತ್ ಉಳಿತಾಯ ಯೋಜನೆಗಳು ಮತ್ತು ಬಾಡಿಗೆದಾರರು: ಸೇಡಂ ಸೀಮೆ

ಕಡಿಮೆ ವಿದ್ಯುತ್ತಿನಲ್ಲಿ ಅದೇ ಕೆಲಸ ಮಾಡುವ ಬಲ್ಬು, ಫ್ಯಾನು, ಕೂಲರು, ಸೋಲಾರ್ ವಾಟರ್ ಹೀಟರ್, ಮಾಳಿಗೆಯ ಮೇಲಿನ ಸೋಲಾರ್ ಪ್ಯಾನೆಲ್ ಇಂಥವನ್ನು ಸಾಲದಲ್ಲೋ ಕಂತಿನಲ್ಲೋ ಮನೆಗಳಿಗೆ ಒದಗಿಸಿ, ಲೈಟ್ ಬಿಲ್ಲಿನಲ್ಲಿ ಉಳಿಯುವ ಹಣದಿಂದಲೇ ಕಂತು ತೀರುತ್ತದೆ ಎಂಬ ಭರವಸೆಯ ಮೇಲೆ ನಡೆಯುವಂಥವು ಕಂತಿನ ವಿದ್ಯುತ್ ಉಳಿತಾಯ ಯೋಜನೆಗಳು. ಸ್ವಂತ ಮನೆಯವರಿಗೆ ಲೆಕ್ಕ ಸರಳ: ದುಡ್ಡು ಹಾಕುವವರೂ ಅವರೇ, ಉಳಿಸಿಕೊಳ್ಳುವವರೂ ಅವರೇ. ಬಾಡಿಗೆ ಮನೆಯಲ್ಲಿ ಮಾಳಿಗೆ ಮಾಲೀಕರದು, ಮೀಟರ್ ಹಲವು ಸಲ ಅವರ ತಂದೆಯ ಹೆಸರಿನಲ್ಲಿ, ಬಿಲ್ ತುಂಬುವವರು ಬಾಡಿಗೆದಾರರು. ಹಾಗಾದರೆ ಉಳಿತಾಯ ಯಾರ ಕೈಗೆ? ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಭಾಗದಲ್ಲಿ ಈ ಪ್ರಶ್ನೆಗೆ ಇನ್ನೂ ಒಂದು ಗಂಟು ಸೇರಿದೆ. 2023ರಿಂದ ರಾಜ್ಯ ಸರ್ಕಾರದ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯಲ್ಲಿ ಬಹಳಷ್ಟು ಮನೆಗಳ ಬಿಲ್ ಸೊನ್ನೆಗೆ ಇಳಿದಿದೆ. ಬಿಲ್ಲೇ ಇಲ್ಲದ ಮನೆಯಲ್ಲಿ ಉಳಿತಾಯದಿಂದ ಕಂತು ತೀರುವುದು ಹೇಗೆ?

ಒಟ್ಟಾರೆ ಹೇಳುವುದಾದರೆ, ಮನೆ ಬಿಡುವಾಗ ಬಿಚ್ಚಿಕೊಂಡು ಹೋಗಬಹುದಾದ, ಬೇಗ ಕಂತು ಮುಗಿಯುವ ವಸ್ತುಗಳಿಂದ ಬಾಡಿಗೆದಾರರಿಗೆ ನಿಜವಾಗಿಯೂ ಹಣ ಉಳಿಯುತ್ತದೆ, ಅದೂ ಬಿಲ್ ಬರುವ ತಿಂಗಳುಗಳಲ್ಲಿ ಮಾತ್ರ. ಗೋಡೆಗೆ, ಮಾಳಿಗೆಗೆ ಅಂಟಿಕೊಂಡ ವಸ್ತುಗಳ ಲಾಭ ಹೆಚ್ಚಿನಂಶ ಮಾಲೀಕರಿಗೋ ಸರ್ಕಾರದ ಸಹಾಯಧನದ ಖಾತೆಗೋ ಹೋಗುತ್ತದೆ.

ಮನೆಗಳು ಮತ್ತು ಮೀಟರುಗಳು

ಭೀಮಾ, ಕಾಗಿಣಾ ನದಿಗಳ ಆಸುಪಾಸಿನ ಸುಣ್ಣಕಲ್ಲಿನ ಪಟ್ಟಿಯ ಮೇಲೆ ಈ ಊರುಗಳು ನಿಂತಿವೆ. ವಾಡಿ, ಸೇಡಂ, ಮಳಖೇಡ, ಚಿತ್ತಾಪುರದ ಸಿಮೆಂಟ್ ಕಾರ್ಖಾನೆಗಳಿಗೆ ಕಚ್ಚಾವಸ್ತು ಇದೇ ಕಲ್ಲು. ಶಹಾಬಾದ್ ಕಲ್ಲೆಂದು ದೇಶವೆಲ್ಲ ಬಲ್ಲ ನೆಲಹಾಸೂ ಇದೇ. ಇಲ್ಲಿನ ಹಳೆಯ ಮನೆಗಳಲ್ಲಿ ನೆಲ, ಗೋಡೆ, ಕಪಾಟಿನ ಹಲಗೆ, ಚಾವಣಿ ಎಲ್ಲವೂ ಕಲ್ಲಿನವು. ಹಿಂದೆ ಚಾವಣಿಯ ಹಾಸುಗಲ್ಲಿನ ಮೇಲೆ ದಪ್ಪಗೆ ಮಣ್ಣು ಹಾಕುತ್ತಿದ್ದರು, ಬಿಸಿಲು ಒಳಗಿಳಿಯುವುದಕ್ಕೆ ಅದೇ ತಡೆ. ಬಾಡಿಗೆಗೆಂದೇ ಈಚೆಗೆ ಕಟ್ಟಿದ ಖೋಲಿಗಳಲ್ಲಿ ಆ ಮಣ್ಣಿಲ್ಲ. ಬರಿಯ ಹಾಸುಗಲ್ಲು, ತೆಳು ಕಾಂಕ್ರೀಟು ಅಥವಾ ತಗಡು. ಮೇ ತಿಂಗಳಲ್ಲಿ ಉಷ್ಣಾಂಶ 42 ಡಿಗ್ರಿ ದಾಟುವ ಈ ಸೀಮೆಯಲ್ಲಿ ಹಗಲೆಲ್ಲ ಕಾದ ಚಾವಣಿ ರಾತ್ರಿಯ ಹೊತ್ತು ಒಳಗೆ ಕಾವು ಬಿಡುತ್ತದೆ. ಫ್ಯಾನು, ಕೂಲರು ಹೆಚ್ಚು ಓಡುವುದು ಆ ಹೊತ್ತಿನಲ್ಲೇ. ಇಲ್ಲಿಯ ಬಾಡಿಗೆ ಮನೆಯ ಬಿಲ್ಲಿಗೆ ಮೂಲ ಕಾರಣ ಚಾವಣಿ. ಅದನ್ನು ಸರಿಪಡಿಸುವ ಅಧಿಕಾರವಂತೂ ಬಾಡಿಗೆದಾರರ ಕೈಯಲ್ಲಿಲ್ಲ.

ಬಾಡಿಗೆದಾರರಲ್ಲಿ ಕಾರ್ಖಾನೆಯ ಗುತ್ತಿಗೆ ಕಾರ್ಮಿಕರು, ಲಾರಿ ಚಾಲಕರು, ಕಲ್ಲುಗಣಿಯ ಕೆಲಸದವರು, ವಾಡಿ ರೈಲ್ವೆ ಜಂಕ್ಷನ್ ನೆಚ್ಚಿಕೊಂಡವರು, ವರ್ಗವಾಗಿ ಬಂದ ಶಿಕ್ಷಕರು, ಬ್ಯಾಂಕ್ ನೌಕರರು ಹೀಗೆ ಹಲವು ತರದವರಿದ್ದಾರೆ. ಉಳಿತಾಯದ ಮಟ್ಟಿಗೆ ಮುಖ್ಯವಾಗುವುದು ಅವರ ಕಸುಬಲ್ಲ, ಮೀಟರಿನ ಏರ್ಪಾಡು. ಮನೆಗೆ ಪ್ರತ್ಯೇಕ ಆರ್‌ಆರ್ ನಂಬರ್ (ವಿದ್ಯುತ್ ಸಂಪರ್ಕದ ಗುರುತು ಸಂಖ್ಯೆ) ಇದ್ದರೆ ಈ ಭಾಗದ ವಿದ್ಯುತ್ ಕಂಪನಿಯಾದ ಜೆಸ್ಕಾಂನ ಬಿಲ್ ನೇರವಾಗಿ ಕೈಗೆ ಬರುತ್ತದೆ, ಉಳಿಸಿದ್ದೆಲ್ಲ ತಮ್ಮದೇ. ಒಂದೇ ಆರ್‌ಆರ್ ನಂಬರಿನ ಕೆಳಗೆ ಮೂರು ನಾಲ್ಕು ಖೋಲಿಗಳಿಗೆ ಸಬ್ ಮೀಟರ್ ಕೂರಿಸಿದ್ದರೆ, ಮಾಲೀಕರು ಹೇಳಿದ ದರದಲ್ಲಿ ಯೂನಿಟ್ ಲೆಕ್ಕ. ‘ಲೈಟ್ ಸೇರಿ ಬಾಡಿಗೆ’ ಎಂದು ಮಾತಾಗಿದ್ದರೆ ಎಷ್ಟೇ ದಕ್ಷ ಫ್ಯಾನು ತಂದರೂ ಉಳಿತಾಯ ಮಾಲೀಕರದು. ಕಾರ್ಖಾನೆಯ ಕ್ವಾರ್ಟರ್ಸ್‌ಗೆ ಕಂಪನಿಯೇ ವಿದ್ಯುತ್ ಹಂಚುತ್ತಿದ್ದರೆ ಅಲ್ಲಿ ವಾಸಿಸುವವರ ಹೆಸರಿನಲ್ಲಿ ಜೆಸ್ಕಾಂ ಖಾತೆಯೇ ಇರುವುದಿಲ್ಲ, ಆದ್ದರಿಂದ ಬಿಲ್ಲಿನ ಮೂಲಕ ಕಂತು ಕಟ್ಟುವ ಯಾವ ಯೋಜನೆಯೂ ಅವರನ್ನು ಮುಟ್ಟುವುದಿಲ್ಲ.

ಕಂತಿನ ಬಲ್ಬಿನಿಂದ ಹೊಸ ಬೆಳಕಿನವರೆಗೆ

ಬಿಲ್ಲಿನ ಜೊತೆಗೆ ಕಂತು ಕಟ್ಟಿಸಿಕೊಳ್ಳುವ ಪದ್ಧತಿ ಕರ್ನಾಟಕಕ್ಕೆ ಹೊಸದಲ್ಲ. ಬೆಂಗಳೂರಿನ ಬೆಸ್ಕಾಂ 2004ರ ಕೊನೆಯಲ್ಲಿ ಸಿಎಫ್‌ಎಲ್ ದೀಪಗಳನ್ನು ರಿಯಾಯಿತಿ ದರದಲ್ಲಿ, ಬೇಕಾದವರಿಗೆ ಒಂಬತ್ತು ತಿಂಗಳ ಕಂತಿನಲ್ಲಿ, ವಿದ್ಯುತ್ ಬಿಲ್ಲಿನ ಜೊತೆಗೇ ವಸೂಲು ಮಾಡುವ ಷರತ್ತಿನ ಮೇಲೆ ಕೊಟ್ಟಿತು. ದೇಶದಲ್ಲಿ ವಿದ್ಯುತ್ ಕಂಪನಿಯೊಂದು ಹೀಗೆ ಮಾಡಿದ ಮೊದಮೊದಲ ಪ್ರಯತ್ನಗಳಲ್ಲಿ ಅದೊಂದು. 2009ರಲ್ಲಿ ಕೇಂದ್ರದ ಬಚತ್ ಲ್ಯಾಂಪ್ ಯೋಜನೆ ಹಳೆಯ ಬುರುಡೆ ಬಲ್ಬು ಕೊಟ್ಟವರಿಗೆ 15 ರೂಪಾಯಿಗೆ ಸಿಎಫ್‌ಎಲ್ ನೀಡಿ, ಉಳಿದ ಬೆಲೆಯನ್ನು ಇಂಗಾಲದ ಪ್ರಮಾಣಪತ್ರಗಳ ಮಾರಾಟದಿಂದ ತುಂಬಿಕೊಳ್ಳಲು ನೋಡಿತು. ಆ ಪ್ರಮಾಣಪತ್ರಗಳ ಬೆಲೆ ಕುಸಿದದ್ದೇ ತಡ, ಯೋಜನೆಯೂ ಸೊರಗಿತು. 2015ರ ಜನವರಿಯಲ್ಲಿ ಕೇಂದ್ರ ಸರ್ಕಾರ ಎಲ್‌ಇಡಿ ಹಂಚಿಕೆಯನ್ನು ದೇಶವ್ಯಾಪಿಗೊಳಿಸಿತು. ಅದೇ ಮುಂದೆ ಉಜಾಲಾ ಎನಿಸಿತು. ಕರ್ನಾಟಕದಲ್ಲಿ ಅದು ‘ಹೊಸ ಬೆಳಕು’ ಎಂಬ ಹೆಸರಿನಲ್ಲಿ 2015ರ ಡಿಸೆಂಬರಿನಿಂದ ನಡೆಯಿತು, 9 ವ್ಯಾಟ್‌ನ ಬಲ್ಬು 100 ರೂಪಾಯಿ. ದಿಲ್ಲಿಯಲ್ಲಿ ಮೊದಲು ಹತ್ತು ರೂಪಾಯಿ, ಆಮೇಲೆ ತಿಂಗಳಿಗೆ ಹತ್ತರಂತೆ ಬಿಲ್ಲಿನಲ್ಲೇ ಕಡಿತ ಎಂಬ ಏರ್ಪಾಡಿತ್ತು. ಸಗಟು ಖರೀದಿಯಿಂದ ಬಲ್ಬಿನ ಬೆಲೆ 2014ರ 310 ರೂಪಾಯಿಯಿಂದ 2016ರ ಹೊತ್ತಿಗೆ 40 ರೂಪಾಯಿಗಿಂತ ಕೆಳಗೆ ಬಂದದ್ದರಿಂದ ಕಂತಿನ ಅಗತ್ಯವೇ ಹೋಯಿತು.

ಬಾಡಿಗೆದಾರರಿಗೆ ನಿಸ್ಸಂಶಯವಾಗಿ ಹಣ ಉಳಿಸಿಕೊಟ್ಟದ್ದು ಎಲ್‌ಇಡಿ. 60 ವ್ಯಾಟ್‌ನ ಬುರುಡೆ ಬಲ್ಬಿನ ಜಾಗಕ್ಕೆ 9 ವ್ಯಾಟ್‌ನದು ಬಂದರೆ, ದಿನಕ್ಕೆ ಐದು ತಾಸು ಉರಿಸಿದರೂ ತಿಂಗಳಿಗೆ ಏಳೂವರೆ ಯೂನಿಟ್ ಉಳಿತಾಯ. 2025ರ ದರದಲ್ಲಿ ಅದು 50 ರೂಪಾಯಿ, ಅಂದರೆ ನೂರು ರೂಪಾಯಿಯ ಬಲ್ಬಿನ ಅಸಲು ಎರಡೇ ತಿಂಗಳಲ್ಲಿ ವಾಪಸು. ಮೊದಲೇ 14 ವ್ಯಾಟ್‌ನ ಸಿಎಫ್‌ಎಲ್ ಇದ್ದ ಮನೆಯಲ್ಲಾದರೋ ಉಳಿಯುವುದು ತಿಂಗಳಿಗೆ ಒಂದು ಯೂನಿಟ್ಟೂ ಇಲ್ಲ. ಯೋಜನೆಯ ಜಾಹೀರಾತುಗಳು ಮೊದಲ ಲೆಕ್ಕವನ್ನಷ್ಟೇ ತೋರಿಸುತ್ತವೆ. ಮೊದಲು ಏನಿತ್ತು ಎಂಬುದನ್ನು ಕೇಳದ ಉಳಿತಾಯದ ಅಂಕಿಯನ್ನು ನಂಬುವಂತಿಲ್ಲ.

1995ರಲ್ಲಿ ಹರೀಶ್ ಹಂದೆ ಅವರು ಬೆಂಗಳೂರಿನಲ್ಲಿ ಕಟ್ಟಿದ ಸೆಲ್ಕೋ ಸಂಸ್ಥೆ ಹಿಡಿದದ್ದು ಬೇರೆ ದಾರಿ. ವಿದ್ಯುತ್ ಕಂಪನಿಯ ಬಿಲ್ಲನ್ನು ನೆಚ್ಚದೆ ಗ್ರಾಮೀಣ ಬ್ಯಾಂಕುಗಳ, ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯಂಥ ಸಂಘಗಳ ಸಾಲದ ಮೂಲಕ ಸೋಲಾರ್ ದೀಪಗಳನ್ನು ಮನೆಗೆ ತಲುಪಿಸಿತು. ಕಂತನ್ನು ಗಿರಾಕಿಯ ಕೈಗೆ ದುಡ್ಡು ಬರುವ ಹೊತ್ತಿಗೆ ಹೊಂದಿಸಿತು. ಸೀಮೆಎಣ್ಣೆಗೆ ಪ್ರತಿದಿನ ಕೈಯಿಂದ ಹೋಗುತ್ತಿದ್ದ ರೊಕ್ಕ ಅಲ್ಲಿ ನಿಜವಾಗಿಯೂ ಉಳಿಯುತ್ತಿತ್ತು, ದೀಪವನ್ನು ಬಿಚ್ಚಿ ಬೇರೆ ಮನೆಗೆ ಒಯ್ಯಲೂ ಬರುತ್ತಿತ್ತು. ವಿದ್ಯುತ್ ಎಲ್ಲೆಡೆ ತಲುಪಿದ ಮೇಲೆ ಆ ಲೆಕ್ಕ ಬದಲಾಗಿದೆ.

ಗೃಹಜ್ಯೋತಿಯ ನಂತರದ ಲೆಕ್ಕ

ಗೃಹಜ್ಯೋತಿಗೆ ಮುಖ್ಯಮಂತ್ರಿ ಸಿದ್ದರಾಮಯ್ಯನವರು 2023ರ ಆಗಸ್ಟ್ 5ರಂದು ಚಾಲನೆ ಕೊಟ್ಟದ್ದು ಕಲಬುರಗಿಯಲ್ಲೇ. 200 ಯೂನಿಟ್ ಉಚಿತ ಎಂದು ಜನ ಮಾತಾಡಿಕೊಂಡರೂ ಎಲ್ಲರಿಗೂ 200 ಇಲ್ಲ. 2022-23ರಲ್ಲಿ ಆ ಮೀಟರಿನ ತಿಂಗಳ ಸರಾಸರಿ ಬಳಕೆ ಎಷ್ಟಿತ್ತೋ ಅದಕ್ಕೆ ಶೇ 10 ಸೇರಿಸಿದರೆ ಬರುವಷ್ಟು ಯೂನಿಟ್ ಮಾತ್ರ ಉಚಿತ. 48 ಯೂನಿಟ್‌ಗಿಂತ ಕಡಿಮೆ ಸರಾಸರಿ ಇದ್ದವರಿಗೆ ಶೇ 10ರ ಬದಲು 10 ಯೂನಿಟ್ ಸೇರಿಸಲು 2024ರ ಆರಂಭದಲ್ಲಿ ತೀರ್ಮಾನವಾಯಿತು. ಹಿಂದಿನ ಬಳಕೆಯ ದಾಖಲೆಯೇ ಇಲ್ಲದ ಹೊಸ ಸಂಪರ್ಕಕ್ಕೆ ರಾಜ್ಯದ ಸರಾಸರಿ 53 ಯೂನಿಟ್ ಮತ್ತು ಅದರ ಶೇ 10, ಅಂದರೆ 58 ಯೂನಿಟ್. ಉಚಿತ ಮಿತಿ ದಾಟಿ 200ರ ಒಳಗೆ ಬಳಸಿದರೆ ಹೆಚ್ಚಾದ ಯೂನಿಟ್‌ಗಷ್ಟೇ ಹಣ. 200 ದಾಟಿದರೆ ಆ ತಿಂಗಳ ಪೂರ್ತಿ ಬಿಲ್ ಕಟ್ಟಬೇಕು.

ಬಾಡಿಗೆದಾರರಿಗೂ ಈ ಸೌಲಭ್ಯವಿದೆ. ಬಾಡಿಗೆ ಕರಾರು ಅಥವಾ ಆ ವಿಳಾಸದ ಮತದಾರರ ಚೀಟಿ ತೋರಿಸಿ ತಮ್ಮ ಆಧಾರ್ ಸಂಖ್ಯೆಯನ್ನು ಮೀಟರಿಗೆ ಜೋಡಿಸಿಕೊಳ್ಳಬಹುದು, ಮನೆ ಬಿಟ್ಟಾಗ ಬಿಡಿಸಿಕೊಳ್ಳಬಹುದು. ಆದರೆ ಉಚಿತ ಮಿತಿ ನಿಂತಿರುವುದು ಆ ಮೀಟರಿನ ಹಳೆಯ ದಾಖಲೆಯ ಮೇಲೆ. 2022-23ರಲ್ಲಿ ಅಲ್ಲಿ ವಾಸವಿದ್ದವರು ಒಂಟಿ ಶಿಕ್ಷಕರಾಗಿದ್ದರೆ ಈಗ ಬಂದ ಐದು ಮಂದಿಯ ಕುಟುಂಬಕ್ಕೂ ಅವರ ಬಳಕೆಯೇ ಅಳತೆಗೋಲು. ಆ ವರ್ಷಕ್ಕೆ ಮೊದಲೇ ಸಾಲ ಮಾಡಿ ಎಲ್‌ಇಡಿ, ಒಳ್ಳೆಯ ಫ್ಯಾನು ಕೂರಿಸಿಕೊಂಡು ಮಿತವಾಗಿ ಬಳಸಿದ ಮನೆಯ ಮಿತಿ ಕಡಿಮೆಯಾಯಿತು, ಧಾರಾಳವಾಗಿ ಬಳಸಿದ ಮನೆಯದು ಹೆಚ್ಚಾಯಿತು. ಮಿತವ್ಯಯಿಗಳಿಗೆ ಇದರಿಂದ ಅನ್ಯಾಯವಾಗಿದೆ ಎನ್ನದೆ ವಿಧಿಯಿಲ್ಲ.

ಸಬ್ ಮೀಟರಿನ ಖೋಲಿಗಳಲ್ಲಿ ಇರುವವರ ಪಾಡು ಇನ್ನೂ ಕಷ್ಟ. ತಲಾ 80 ಯೂನಿಟ್ ಬಳಸುವ ಮೂರು ಕುಟುಂಬಗಳು ಒಂದೇ ಆರ್‌ಆರ್ ನಂಬರಿನ ಕೆಳಗಿದ್ದರೆ ಮೊತ್ತ 240. ಪ್ರತ್ಯೇಕ ಮೀಟರ್ ಇದ್ದಿದ್ದರೆ ಮೂವರೂ 200ರ ಒಳಗೇ ಇರುತ್ತಿದ್ದರು. ಈಗ ಮೂವರೂ ಪೂರ್ತಿ ಹಣ ತೆರುತ್ತಾರೆ. ಇವರಿಗೆ ಯಾವ ದಕ್ಷ ಉಪಕರಣಕ್ಕಿಂತಲೂ ಪ್ರತ್ಯೇಕ ಮೀಟರಿನ ಸಂಪರ್ಕವೇ ದೊಡ್ಡ ಉಳಿತಾಯ. ಕಂತಿನ ಸಾಲ ಕೊಡುವ ಯೋಜನೆ ಮೊದಲು ಇದಕ್ಕೆ ಸಾಲ ಕೊಡಬೇಕು.

ಎರಡು ಫ್ಯಾನು, ಒಂದು ಮೇ ತಿಂಗಳು

ವಾಡಿಯ ಒಂದು ಸಾಮಾನ್ಯ ಬಾಡಿಗೆ ಮನೆಯ ಮಾದರಿ ಲೆಕ್ಕ ಹೀಗೆ. 75 ವ್ಯಾಟ್‌ನ ಎರಡು ಹಳೆಯ ಫ್ಯಾನು ದಿನಕ್ಕೆ 16 ತಾಸು ತಿರುಗಿದರೆ ತಿಂಗಳಿಗೆ 72 ಯೂನಿಟ್. 180 ವ್ಯಾಟ್‌ನ ಕೂಲರ್ ಹತ್ತು ತಾಸು ಓಡಿದರೆ 54. ಫ್ರಿಜ್ಜಿಗೆ 30. ದೀಪ, ಟಿ.ವಿ., ಮಿಕ್ಸರ್, ನೀರಿನ ಮೋಟರ್ ಸೇರಿ 45. ಒಟ್ಟು 201. 200ರ ಗಡಿಗಿಂತ ಒಂದೇ ಯೂನಿಟ್ ಹೆಚ್ಚು, ಆದರೆ ಗೃಹಜ್ಯೋತಿ ಆ ತಿಂಗಳು ಇಲ್ಲ. 2025ರ ಏಪ್ರಿಲ್‌ನಿಂದ ಜಾರಿಯಾದ ದರದಲ್ಲಿ ಯೂನಿಟ್‌ಗೆ 5 ರೂಪಾಯಿ 80 ಪೈಸೆ, ವಿದ್ಯುತ್ ನೌಕರರ ಪಿಂಚಣಿ ಬಾಬ್ತಿನ 36 ಪೈಸೆ, ಶೇ 9ರ ತೆರಿಗೆ, ಎರಡು ಕಿಲೋವ್ಯಾಟ್ ಮಂಜೂರಾತಿಗೆ 290 ರೂಪಾಯಿ ನಿಗದಿತ ಶುಲ್ಕ ಸೇರಿ ಬಿಲ್ 1,600 ರೂಪಾಯಿ ದಾಟುತ್ತದೆ.

ಎರಡೂ ಫ್ಯಾನು ತೆಗೆದು ಕಡಿಮೆ ವಿದ್ಯುತ್ ಬಳಸುವ ಮೋಟರಿನ, 30 ವ್ಯಾಟ್‌ನ ಬಿಎಲ್‌ಡಿಸಿ ಫ್ಯಾನು ಹಾಕಿದರೆ 72ರ ಜಾಗದಲ್ಲಿ 29 ಯೂನಿಟ್, ಒಟ್ಟು ಬಳಕೆ 158. ಉಚಿತ ಮಿತಿ 110 ಇದೆ ಎಂದುಕೊಂಡರೆ ಹಣ ಕಟ್ಟಬೇಕಾದದ್ದು 48 ಯೂನಿಟ್‌ಗೆ, ಅಂದರೆ 320 ರೂಪಾಯಿಯ ಆಸುಪಾಸು. ಒಂದೇ ತಿಂಗಳಲ್ಲಿ 1,300 ರೂಪಾಯಿ ಉಳಿಯಿತು. ಅದೇ ಮನೆಯಲ್ಲಿ ಜನವರಿಯ ಬಳಕೆ 90 ಯೂನಿಟ್ ಇದ್ದರೆ ಹಳೆಯ ಫ್ಯಾನಿಗೂ ಬಿಲ್ ಸೊನ್ನೆ, ಹೊಸದಕ್ಕೂ ಸೊನ್ನೆ. ಬಳಸದೆ ಬಿಟ್ಟ ಉಚಿತ ಯೂನಿಟ್ ಮುಂದಿನ ತಿಂಗಳಿಗೆ ಸೇರುವುದಿಲ್ಲ.

ಕಂತಿನ ಕಷ್ಟ ಇರುವುದು ಇಲ್ಲೇ. ಎರಡು ಫ್ಯಾನಿಗೆ ಐದಾರು ಸಾವಿರ ರೂಪಾಯಿಯಾದರೆ ಹನ್ನೆರಡು ತಿಂಗಳ ಕಂತು ತಿಂಗಳಿಗೆ ಐನೂರರ ಹತ್ತಿರ. ಕಂತು ಹನ್ನೆರಡೂ ತಿಂಗಳು ಬರುತ್ತದೆ, ಉಳಿತಾಯ ಬೇಸಿಗೆಯ ಮೂರು ನಾಲ್ಕು ತಿಂಗಳು. ಮಾರ್ಚ್‌ನಿಂದ ಜೂನ್‌ವರೆಗೆ ಹೆಚ್ಚು, ಉಳಿದಂತೆ ಕಡಿಮೆ ಕಂತು ನಿಗದಿ ಮಾಡಿದರೆ ಈ ಸೀಮೆಗೆ ಹೊಂದುತ್ತದೆ. ಅಂಗಡಿಯ ‘ಬಡ್ಡಿ ಇಲ್ಲದ’ ಕಂತಿನಲ್ಲಿ ಪ್ರೊಸೆಸಿಂಗ್ ಶುಲ್ಕ, ತಪ್ಪಿದ ಕಂತಿನ ದಂಡ ಸೇರಿಕೊಂಡರೆ ಚಿಕ್ಕ ಉಳಿತಾಯವನ್ನು ಅವೇ ನುಂಗುತ್ತವೆ. ಹಳೆಯ ಫ್ಯಾನು ಹಾಳಾದಾಗ ಹೇಗೂ ಹೊಸದು ಕೊಳ್ಳಲೇಬೇಕಾದವರ ಲೆಕ್ಕ ಬೇರೆ. ಅವರು ನೋಡಬೇಕಾದದ್ದು ಸಾದಾ ಫ್ಯಾನಿಗೂ ಇದಕ್ಕೂ ಇರುವ ಬೆಲೆಯ ಅಂತರವನ್ನು ಮಾತ್ರ. ಆ ಅಂತರದ ಹಣ ಒಂದೆರಡು ಬೇಸಿಗೆಯಲ್ಲಿ ವಾಪಸು ಬರುತ್ತದೆ. ಚಾವಣಿ ಫ್ಯಾನುಗಳಿಗೆ ಸ್ಟಾರ್ ಗುರುತು 2023ರ ಜನವರಿಯಿಂದ ಕಡ್ಡಾಯವಾಗಿರುವುದರಿಂದ ಹೋಲಿಸುವುದೂ ಸುಲಭ. ಹಳೆಯ ಫ್ಯಾನನ್ನು ಎಸೆಯದೆ ಎತ್ತಿಟ್ಟು, ಮನೆ ಬಿಡುವಾಗ ಅದನ್ನೇ ತೂಗುಹಾಕಿ ಹೊಸದನ್ನು ಬಿಚ್ಚಿಕೊಂಡು ಹೋಗುವುದು ಬಾಡಿಗೆದಾರರ ಹಕ್ಕು. ಈ ಮಾತನ್ನು ಕರಾರಿನಲ್ಲಿ ಬರೆಸಿದರೆ ಡಿಪಾಸಿಟ್ ವಾಪಸು ಕೇಳುವಾಗ ತಕರಾರಿರುವುದಿಲ್ಲ.

ಮಾಳಿಗೆಯ ಮೇಲಿನದು ಯಾರದು

ಮಾಳಿಗೆಯ ಸೋಲಾರ್ ಪ್ಯಾನೆಲ್ಲಿಗೆಂದು 2024ರ ಫೆಬ್ರುವರಿಯಲ್ಲಿ ಬಂದ ಕೇಂದ್ರದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 30,000, ಮೂರನೆಯದಕ್ಕೆ 18,000, ಒಟ್ಟು 78,000 ರೂಪಾಯಿವರೆಗೆ ಸಹಾಯಧನವಿದೆ. ಉಳಿದದ್ದಕ್ಕೆ ಅಡಮಾನವಿಲ್ಲದ, ಕಡಿಮೆ ಬಡ್ಡಿಯ ಬ್ಯಾಂಕ್ ಸಾಲ. ಬಾಡಿಗೆದಾರರು ಇದನ್ನು ಪಡೆಯಲು ಸಂಪರ್ಕ ಅವರ ಹೆಸರಿನಲ್ಲಿರಬೇಕು, ಮಾಳಿಗೆ ಬಳಸಲು ಮಾಲೀಕರು ಒಪ್ಪಬೇಕು. ಹನ್ನೊಂದು ತಿಂಗಳ ಕರಾರಿನ ಮೇಲೆ ಇರುವವರು ಇಪ್ಪತ್ತೈದು ವರ್ಷ ಬಾಳುವ ಪ್ಯಾನೆಲ್ಲಿಗೆ ಸಾಲ ಮಾಡುವುದು ವಿವೇಕವಲ್ಲ. ಮಾಲೀಕರಿಗೂ ಉಮೇದು ಕಡಿಮೆ. ಬಿಲ್ ತುಂಬುವವರು ಅವರಲ್ಲ, ಅದೂ ಹಲವು ಕಡೆ ಬರುವುದು ಸೊನ್ನೆ ಬಿಲ್. ಸೋಲಾರ್ ವಾಟರ್ ಹೀಟರ್ ಇದ್ದವರಿಗೆ ಯೂನಿಟ್‌ಗೆ 50 ಪೈಸೆಯಂತೆ ತಿಂಗಳಿಗೆ 50 ರೂಪಾಯಿವರೆಗೆ ಬಿಲ್ಲಿನಲ್ಲಿ ಸಿಗುತ್ತಿದ್ದ ರಿಯಾಯಿತಿಗೂ ಸೊನ್ನೆ ಬಿಲ್ಲಿನಲ್ಲಿ ಅರ್ಥವಿಲ್ಲ.

ಈ ಸೀಮೆಗೆ ನಿಜವಾಗಿ ಬೇಕಾದದ್ದು ಚಾವಣಿಯ ಬಿಳಿ ಲೇಪ. ಬಿಸಿಲನ್ನು ಹಿಂದಕ್ಕೆ ಹೊಡೆಯುವ ಬಣ್ಣವೋ ಸುಣ್ಣವೋ ಬಳಿದರೆ ಒಳಗಿನ ಉಷ್ಣ ಎರಡು ಮೂರು ಡಿಗ್ರಿಯಾದರೂ ತಗ್ಗುತ್ತದೆ. ಗಡಿಯಾಚೆ, ಸೇಡಂಗೆ ಹತ್ತಿರದಲ್ಲೇ ತಾಂಡೂರು ಇರುವ ತೆಲಂಗಾಣ ರಾಜ್ಯ, ತಂಪು ಚಾವಣಿಗೆಂದೇ 2023ರಲ್ಲಿ ನೀತಿಯೊಂದನ್ನು ಹೊರಡಿಸಿದೆ. ಸುಣ್ಣದ ಕಲ್ಲೇ ನೆಲದಡಿ ಇರುವ ಊರುಗಳಲ್ಲಿ ಸುಣ್ಣಕ್ಕೆ ಸಾಲ ಬೇಕಿಲ್ಲ. ಬೇಕಾದದ್ದು ಮಾಲೀಕರ ಒಪ್ಪಿಗೆ, ಮಳೆಗಾಲ ಕಳೆದ ಮೇಲೆ ಮತ್ತೆ ಬಳಿಯುವ ಶಿಸ್ತು. ಬಿಲ್ ಸೊನ್ನೆಯಾದ ಮನೆಯಲ್ಲೂ ಇದರ ಲಾಭ ವಾಸಿಸುವವರಿಗೇ: ನಿದ್ದೆ ಬರುತ್ತದೆ, ಕೂಸು ಬೆವರಿ ಅಳುವುದಿಲ್ಲ. ಉಳಿತಾಯವನ್ನು ರೂಪಾಯಿಯಲ್ಲಷ್ಟೇ ಎಣಿಸುವ ಯೋಜನೆಗಳ ಕಣ್ಣಿಗೆ ಇದು ಬೀಳುವುದೇ ಇಲ್ಲ.

ಹೊರಗಿನ ಅನುಭವ

ಬ್ರಿಟನ್ನಿನ ಗ್ರೀನ್ ಡೀಲ್ 2013ರ ಜನವರಿಯಲ್ಲಿ ಶುರುವಾಯಿತು. ಸಾಲ ವ್ಯಕ್ತಿಯ ಮೇಲಲ್ಲ, ವಿದ್ಯುತ್ ಮೀಟರಿನ ಮೇಲೆ. ಬಾಡಿಗೆದಾರರು ಬದಲಾದರೆ ಹೊಸಬರು ಕಂತು ಮುಂದುವರಿಸಬೇಕು. ಅಂದಾಜು ಉಳಿತಾಯಕ್ಕಿಂತ ಕಂತು ಹೆಚ್ಚಾಗಬಾರದು ಎಂಬುದು ಅದರ ಮೂಲ ನಿಯಮ. ಆದರೆ ಉಳಿತಾಯ ಅಂದಾಜಿನದು, ಕಂತು ಖಚಿತ. ಬಡ್ಡಿಯೂ ದುಬಾರಿಯಾಗಿತ್ತು. ಲಕ್ಷಗಟ್ಟಲೆ ಮನೆಗಳ ಕನಸು ಕಂಡ ಯೋಜನೆಯಲ್ಲಿ ಸಾಲ ಪಡೆದವರು ಸುಮಾರು 14,000 ಮನೆಯವರು, 2015ರ ಜುಲೈನಲ್ಲಿ ಸರ್ಕಾರ ಹಣ ನಿಲ್ಲಿಸಿತು. ಅಮೆರಿಕದ ಕ್ಯಾನ್ಸಸ್‌ನ ಒಂದು ಸಹಕಾರಿ ವಿದ್ಯುತ್ ಸಂಸ್ಥೆ 2007ರಿಂದ ಇಂಥದೇ ಮೀಟರಿಗಂಟಿದ ಕಂತನ್ನು ನಡೆಸಿಕೊಂಡು ಬಂದಿದೆ. ಮನೆಯ ತಪಾಸಣೆ ಮೊದಲು, ಸಾಲ ಆಮೇಲೆ ಎಂಬುದು ಅಲ್ಲಿನ ರೀತಿ.

ಮಿಷಿಗನ್‌ನಲ್ಲಿ ಬಡವರ ಮನೆಗಳಿಗೆ ಶಾಖರಕ್ಷಣೆ ಮಾಡಿಸಿದ ಯೋಜನೆಯನ್ನು ಸುಮಾರು 30,000 ಮನೆಗಳ ಮಟ್ಟದಲ್ಲಿ ಪರೀಕ್ಷಿಸಿದ ಫೌಲಿ, ಗ್ರೀನ್‌ಸ್ಟೋನ್, ವೋಲ್‌ಫ್ರಮ್ ಅವರ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಹಾಕಿದ ಖರ್ಚು ಕೈಗೆ ಬಂದ ಉಳಿತಾಯದ ಎರಡರಷ್ಟಿತ್ತು, ಎಂಜಿನಿಯರರ ಅಂದಾಜು ನಿಜವಾದ ಉಳಿತಾಯದ ಮೂರು ಪಟ್ಟಿಗೂ ಹೆಚ್ಚಾಗಿತ್ತು. ನಮಗೆ ಇನ್ನೂ ಹತ್ತಿರದ ಉದಾಹರಣೆ ಮೆಕ್ಸಿಕೊದ್ದು. ಅಲ್ಲಿ 2009ರಿಂದ ಹಳೆಯ ಫ್ರಿಜ್, ಎ.ಸಿ. ಕೊಟ್ಟು ಹೊಸದು ಒಯ್ಯುವ ಯೋಜನೆಯಲ್ಲಿ ಫ್ರಿಜ್ ಬದಲಿಸಿದ ಮನೆಯ ಬಳಕೆ ಶೇ 8ರಷ್ಟು ಮಾತ್ರ ಇಳಿಯಿತು, ಎ.ಸಿ. ಬದಲಿಸಿದ ಮನೆಯ ಬಳಕೆ ಏರಿತು. ತಂಪು ಅಗ್ಗವಾದರೆ ಜನ ಹೆಚ್ಚು ತಂಪು ಬಳಸುತ್ತಾರೆ, ಸೆಕೆಯ ನಾಡಿನಲ್ಲಿ ಅದು ತಪ್ಪೂ ಅಲ್ಲ. ಜರ್ಮನಿಯಲ್ಲಿ ಮನೆ ಸುಧಾರಿಸಿದ ಖರ್ಚಿನ ಶೇ 8ರಷ್ಟನ್ನು ಮಾಲೀಕರು ವರ್ಷದ ಬಾಡಿಗೆಗೆ ಸೇರಿಸಬಹುದು. ಎಷ್ಟೋ ಸಲ ಬಿಲ್ಲಿನಲ್ಲಿ ಉಳಿದದ್ದು ಬಾಡಿಗೆಯಲ್ಲಿ ಹೋಗುತ್ತದೆ. ಸೇಡಂನಲ್ಲಿ ಅಂಥ ಕಾನೂನಿಲ್ಲ. ಆದರೂ ಮಾಳಿಗೆ ತಂಪು ಮಾಡಿಸಿದ, ಹೊಸ ಫ್ಯಾನು ಹಾಕಿಸಿದ ಮಾಲೀಕರು ಮುಂದಿನ ಕರಾರಿನಲ್ಲಿ ಇನ್ನೂರು ಮುನ್ನೂರು ಹೆಚ್ಚು ಕೇಳಿದರೆ ತಡೆಯುವುದು ಕಷ್ಟ.

ಅಳೆಯುವುದು

ಇದೇ ತಾಲ್ಲೂಕುಗಳ ದೊಡ್ಡ ಸಿಮೆಂಟ್ ಕಾರ್ಖಾನೆಗಳು 2012ರಲ್ಲಿ ಆರಂಭವಾದ ಕೇಂದ್ರದ ಶಕ್ತಿ ಉಳಿತಾಯದ ‘ಪ್ಯಾಟ್’ ವ್ಯವಸ್ಥೆಯ ವ್ಯಾಪ್ತಿಗೆ ಬಂದಿದ್ದವು. ಒಂದು ಟನ್ ಸಿಮೆಂಟಿಗೆ ಮೊದಲು ಎಷ್ಟು ಶಕ್ತಿ ಖರ್ಚಾಗುತ್ತಿತ್ತು, ಈಗ ಎಷ್ಟು ಎಂಬುದನ್ನು ಪರಿಶೋಧಕರು ಅಳೆದ ಮೇಲೆಯೇ ಉಳಿತಾಯಕ್ಕೆ ಪ್ರಮಾಣಪತ್ರ ಸಿಗುತ್ತಿತ್ತು. ಮನೆಗಳ ವಿಷಯದಲ್ಲಿ ಹಂಚಿದ ಬಲ್ಬಿನ ಸಂಖ್ಯೆಯನ್ನು ಅಂದಾಜು ಯೂನಿಟ್‌ನಿಂದ ಗುಣಿಸಿ ಇಷ್ಟು ಕೋಟಿ ಉಳಿಯಿತು ಎಂದು ಘೋಷಿಸುವ ರೂಢಿ. ಗೃಹಜ್ಯೋತಿಯ ಕಾರಣದಿಂದ ಪ್ರತಿ ಆರ್‌ಆರ್ ನಂಬರಿನ 2022-23ರ ಸರಾಸರಿ ಬಳಕೆ ಜೆಸ್ಕಾಂ ಬಳಿ ಈಗಾಗಲೇ ಲೆಕ್ಕ ಹಾಕಿ ಸಿದ್ಧವಿದೆ, ಆಮೇಲಿನ ಪ್ರತಿ ತಿಂಗಳ ರೀಡಿಂಗೂ ಇದೆ. ಕಂತಿನಲ್ಲಿ ಫ್ಯಾನು ಪಡೆದ ಮನೆಗಳನ್ನೂ ಪಡೆಯದ ಅಕ್ಕಪಕ್ಕದ ಮನೆಗಳನ್ನೂ ಎರಡು ಬೇಸಿಗೆ ಹೋಲಿಸಿ ನೋಡಲು ಹೊಸ ಸಮೀಕ್ಷೆ ಬೇಕಿಲ್ಲ. ಹೋಲಿಸುವಾಗ ಸ್ವಂತ ಮನೆ, ಪ್ರತ್ಯೇಕ ಮೀಟರಿನ ಬಾಡಿಗೆ ಮನೆ, ಸಬ್ ಮೀಟರಿನ ಖೋಲಿ ಎಂದು ಮೂರು ಪಟ್ಟಿ ಮಾಡಿದರೆ, ಉಳಿದ ಹಣ ಯಾರ ಕೈ ಸೇರಿತು ಎಂಬುದೂ ಅದೇ ಲೆಕ್ಕದಲ್ಲಿ ಹೊರಬೀಳುತ್ತದೆ.